ಮೇಜರ್ ಗೆಲ್ಲೋದು ಗುಂಡಿಗೆಯಿಂದಷ್ಟೇ ಅಲ್ರಿ, ಲೆಕ್ಕದಿಂದ

ನಿದ್ದೆಗೆಟ್ಟು ಗಾಲ್ಫ್ ನೋಡುವ ಕಲಬುರಗಿಯ ಗೆಳೆಯರಿಗೆ ಈ ಬರಹ. ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಿಗೆ ಮೇಜರ್ ಅಂತಾರೆ; ಅದರಲ್ಲೊಂದಾದ ಅಮೆರಿಕದ ಮಾಸ್ಟರ್ಸ್ ಮುಗಿಯುವುದೇ ನಮಗೆ ಸೋಮವಾರ ನಸುಕಿನ 4.30ರ ಸುಮಾರಿಗೆ. ಮುಂದಿದ್ದವನು ಸೋತರೆ ಚಹಾ ಹೊತ್ತಿಗೆ ಒಂದೇ ಮಾತು: "ಅಂವಗ ಧೈರ್ಯ ಸಾಲಲಿಲ್ಲ." ನನಗೆ ಇದು ಒಪ್ಪಿಗೆಯಿಲ್ಲ. ಕೈಗೆ ಬಂದ ಮೇಜರ್ ಕಳಕೊಂಡ ಕೆಲವರಿಗೆ ಧೈರ್ಯ ಹೆಚ್ಚೇ ಇತ್ತು. ತಪ್ಪಿದ್ದು ಲೆಕ್ಕ.

1999ರ ಬ್ರಿಟಿಷ್ ಓಪನ್ (ಇದೂ ಮೇಜರ್), ಸ್ಕಾಟ್ಲೆಂಡಿನ ಕಾರ್ನೂಸ್ಟಿ. ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲಿಗೆ ಬಂದಾಗ ಮೂರು ಹೊಡೆತ ಮುಂದಿದ್ದ. ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್; ಆರರಲ್ಲಿ ಮುಗಿಸಿದರೂ ಗೆಲುವು ಅವನದೇ. ಕಡಿಮೆ ದೂರದ ಐರನ್ ಕ್ಲಬ್‌ನಿಂದ ಟೀ (ಮೊದಲ) ಹೊಡೆತ, ಬ್ಯಾರಿ ಬರ್ನ್ ಎಂಬ ಹಳ್ಳದ ಈಚೆಗೊಂದು, ಗಿಡ್ಡ ಹೊಡೆತದ ವೆಜ್ ಕ್ಲಬ್‌ನಿಂದ ಗ್ರೀನಿಗೊಂದು (ಕುಳಿಯಿರುವ ನುಣುಪು ಹುಲ್ಲುಹಾಸು), ಅದರ ಮೇಲೆ ಉರುಳಿಸುವ ಮೂರು ಪಟ್. ಆರಾಯಿತಲ್ಲ! ಅವನು ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ತೆಗೆದ. ಚೆಂಡು ಬಲಕ್ಕೆ ಹೋದರೂ ನೀರಿಗೆ ಬೀಳಲಿಲ್ಲ, ಅಲ್ಲಿಂದಲೂ ಹಳ್ಳದ ಈಚೆ ನಿಲ್ಲಿಸಬಹುದಿತ್ತು. 2 ಐರನ್ ಹಿಡಿದು ಗ್ರೀನಿಗೇ ಹೊಡೆದ. ಗ್ಯಾಲರಿಗೆ ಬಡಿದು ಹಿಂದೆ ಪುಟಿದು ದಟ್ಟ ಹುಲ್ಲು, ಅಲ್ಲಿಂದ ಹಳ್ಳ, ಪೆನಾಲ್ಟಿ, ಬಂಕರ್ ಎಂಬ ಮರಳಿನ ಗುಂಡಿ. ಏಳು. ಸಮ ಆದವರ ನಡುವಿನ ಪ್ಲೇಆಫ್ ಗೆದ್ದ ಪಾಲ್ ಲಾರಿ ಆ ದಿನ ಹತ್ತು ಹೊಡೆತ ಹಿಂದಿನಿಂದ ಶುರು ಮಾಡಿದವನು. ಎನ್‌ವಿ ಮೈದಾನದಲ್ಲಿ ಆರು ಬಾಲಿಗೆ ಎರಡು ರನ್ ಬೇಕಿದ್ದಾಗ ಸಿಕ್ಸರ್‌ಗೆ ಎತ್ತಿ ಔಟಾದವನಿಗೆ ಅಂಜುಬುರುಕ ಅಂತೀವೇನ್ರಿ?

ಮಾಸ್ಟರ್ಸ್ ನಡೆಯುವ ಆಗಸ್ಟಾದ 12ನೇ ಹೋಲ್ ಬರೀ 155 ಯಾರ್ಡ್. ಗ್ರೀನ್ ಅಗಲ ಉಂಟು, ಆಳ ಇಲ್ಲ. ಅದೂ ಓರೆ, ಬಲಭಾಗ ದೂರ. ಮುಂದೆ ರೇಸ್ ಕ್ರೀಕ್ ಎಂಬ ತೊರೆ, ಮೇಲೆ ದಿಕ್ಕು ಬದಲಿಸುವ ಗಾಳಿ. ಕೊನೆಯ ದಿನವಾದ ಭಾನುವಾರ ಕುಳಿಯ ಬಾವುಟ ಬಲಕ್ಕೆ. ಅದಕ್ಕೇ ಗುರಿಯಿಟ್ಟ ಚೆಂಡು ಸ್ವಲ್ಪ ಕಡಿಮೆ ಬಿದ್ದರೆ ದಂಡೆಯಿಂದ ಉರುಳಿ ನೀರಿಗೆ. 2019ರಲ್ಲಿ ಮೊಲಿನಾರಿ, ಫಿನೌ, ಕೆಪ್ಕಾ, ಪೌಲ್ಟರ್ ನಾಲ್ವರೂ ಹಾಗೇ ಮುಳುಗಿದರು. ಮೊಲಿನಾರಿಗಿಂತ ಎರಡು ಹೊಡೆತ ಹಿಂದಿದ್ದ ಟೈಗರ್ ವುಡ್ಸ್ ಬಂಕರಿನ ಮೇಲಿಂದ ಎಡಭಾಗಕ್ಕೆ ಹೊಡೆದ, ಎರಡು ಪಟ್, ಪಾರ್. ಮೊಲಿನಾರಿಯ ಮುನ್ನಡೆ ಅಲ್ಲೇ ಹೋಯಿತು.

ಈ ಗುರಿ ಹುಡುಕುವ ಕ್ರಮ ಸರಳ. ಮೊದಲು ಚೆಂಡು ಎಲ್ಲಿ ಬೀಳಲೇಬಾರದು ಅನ್ನೋದು. ಆಮೇಲೆ ಆ ಕ್ಲಬ್‌ನಲ್ಲಿ ನಿಮ್ಮ ಚೆಂಡು ಎಡ-ಬಲಕ್ಕೆ ಎಷ್ಟು ಚೆದುರುತ್ತದೆ ಅನ್ನೋದು. ಆ ಹರವಿನ ಅಂಚು ನೀರಿಗೆ ತಾಗದಷ್ಟು ಗುರಿಯನ್ನು ಸರಿಸಬೇಕು. ಅರೆಬರೆ ತಾಗಿದರೂ ಮುಂದಿನ ಅಂಚು ದಾಟಿಸುವ ಕ್ಲಬ್ ತೆಗೆಯಬೇಕು. ಆದರೆ ಕೊನೆಯ ಹೋಲ್‌ಗಳಲ್ಲಿ ಮೈ ಕಾವೇರಿದಾಗ ಚೆಂಡು ಹೆಚ್ಚು ದೂರ ಹೋಗುತ್ತದೆ, ಅದೂ ಲೆಕ್ಕದಲ್ಲಿರಬೇಕು. ಇದೆಲ್ಲ ಅಭ್ಯಾಸದ ದಿನಗಳಲ್ಲೇ ಕ್ಯಾಡಿಯ (ಆಟಗಾರನ ಸಹಾಯಕನ) ಪುಸ್ತಕ ಸೇರಿರಬೇಕು. ಭಾನುವಾರ ಎದೆ ಬಡಿಯುವಾಗ ಹೊಸದಾಗಿ ಯೋಚಿಸುವುದು ಆಗದ ಮಾತು. 2007ರಲ್ಲಿ ಜಾಕ್ ಜಾನ್ಸನ್ ಪಾರ್ 5 ಹೋಲ್ ಒಂದರಲ್ಲೂ ಎರಡನೇ ಹೊಡೆತಕ್ಕೆ ಗ್ರೀನಿಗೆ ಕೈ ಹಾಕಲಿಲ್ಲ. ನಾಲ್ಕು ದಿನದ ಆ ಹದಿನಾರು ಹೋಲ್‌ಗಳಲ್ಲಿ ಪಾರ್‌ಗಿಂತ 11 ಹೊಡೆತ ಕಡಿಮೆ, ಮಾಸ್ಟರ್ಸ್ ಅವನದು.

ಚೇತರಿಕೆಗೂ ನಿಯಮದ ಜ್ಞಾನ ಬೇಕು. 2017ರ ಓಪನ್, ಬರ್ಕ್‌ಡೇಲ್‌ನ 13ನೇ ಹೋಲ್. ಜೋರ್ಡಾನ್ ಸ್ಪೀತ್‌ನ ಚೆಂಡು ದಿಬ್ಬದ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಆಡಲಾಗದ ಚೆಂಡಿಗೆ ಒಂದು ಪೆನಾಲ್ಟಿ ತೆತ್ತು, ಹೋಲ್ ಮತ್ತು ಚೆಂಡಿನ ನೇರದಲ್ಲೇ ಎಷ್ಟು ಬೇಕಾದರೂ ಹಿಂದೆ ಹೋಗಬಹುದು. ಅವನು ಅಭ್ಯಾಸದ ಮೈದಾನದವರೆಗೂ ಹೋದ. ಅದು ಔಟ್ ಆಫ್ ಬೌಂಡ್ಸ್ (ಆಟದ ಗಡಿಯಾಚೆ) ಅಲ್ಲ ಎಂದು ಅಧಿಕಾರಿಯನ್ನು ಕೇಳಿಕೊಂಡೇ. ಇಪ್ಪತ್ತು ನಿಮಿಷ ಹಿಡಿಯಿತು, ಬರೀ ಬೋಗಿ (ಪಾರ್‌ಗಿಂತ ಒಂದು ಹೆಚ್ಚು). ಮುಂದಿನ ನಾಲ್ಕು ಹೋಲ್: ಬರ್ಡಿ, ಈಗಲ್, ಬರ್ಡಿ, ಬರ್ಡಿ (ಬರ್ಡಿ ಪಾರ್‌ಗಿಂತ ಒಂದು ಕಡಿಮೆ, ಈಗಲ್ ಎರಡು). ಅವಸರ ಮಾಡಿದ್ದರೆ ಎದುರಾಳಿ ಕುಚರ್ ಗೆಲ್ಲುತ್ತಿದ್ದ ಅನ್ನಿಸುತ್ತದೆ.

ಇನ್ನು ಕೈ ನಡುಗುವ ಮಾತು. ಹಿಡಿತ ಬಿಗಿಯಾಗುತ್ತದೆ, ಸ್ವಿಂಗ್ ಅವಸರವಾಗುತ್ತದೆ, ಪಟ್ ಅರ್ಧಕ್ಕೆ ನಿಧಾನಿಸುತ್ತದೆ. ಇದಕ್ಕೆ ಮದ್ದು ದಿನಾ ಒಂದೇ ಕ್ರಮ: ಚೆಂಡಿನ ಹಿಂದೆ ನಿಂತು ಗುರಿ, ಚೆಂಡಿನ ಮುಂದೆ ಒಂದೆರಡು ಅಡಿಯಲ್ಲೊಂದು ಗುರುತು, ಉದ್ದಕ್ಕೆ ಉಸಿರು ಬಿಟ್ಟು ಹೊಡೆತ. ನಡುವೆ ಅನುಮಾನ ಬಂತೋ, ಹಿಂದೆ ಸರಿದು ಮೊದಲಿನಿಂದ. ಎಂಟಡಿ ಪಟ್ ಅಮೆರಿಕದ ವೃತ್ತಿಪರ ಪಿಜಿಎ ಟೂರಿನವರೂ ಅರ್ಧದಷ್ಟು ಸಲ ತಪ್ಪಿಸುತ್ತಾರೆ, ಹಾಗಾಗಿ ತಪ್ಪಿದ ಪಟ್ಟಿಗೆಲ್ಲ ಮನೋಬಲದ ಕಾರಣ ಹುಡುಕುವ ಟೀಕಾಕಾರರ ಮಾತು ಭಾಳ ನಂಬಬೇಡ್ರಿ.

ನನ್ನ ವಾದಕ್ಕೇ ಒಂದು ಅಡ್ಡಿ 2025ರ ಮಾಸ್ಟರ್ಸ್. 13ನೇ ಹೋಲಿನಲ್ಲಿ ರೋರಿ ಮ್ಯಾಕಿಲ್ರಾಯ್ ಲೆಕ್ಕದ ಪ್ರಕಾರವೇ ಎರಡನೆಯದನ್ನು ನೀರಿನ ಈಚೆ ನಿಲ್ಲಿಸಿದ; ಆಮೇಲೆ ಸುಮಾರು 80 ಯಾರ್ಡ್‌ನಿಂದ ವೆಜ್ ಹೊಡೆದು ಅದೇ ನೀರಿಗೆ ಹಾಕಿದ. ಡಬಲ್ ಬೋಗಿ. 15ರಲ್ಲಿ ಮರ ಸುತ್ತಿಸಿ 7 ಐರನ್‌ನಿಂದ ಆರಡಿಗೆ ತಂದ, 18ರಲ್ಲಿ ಐದಡಿ ತಪ್ಪಿಸಿದ. ಜಸ್ಟಿನ್ ರೋಸ್ ಜೊತೆ ಪ್ಲೇಆಫ್‌ಗೆ ಮತ್ತೆ ಅದೇ 18ನೇ ಹೋಲ್. ಈ ಸಲ ವೆಜ್ ಬಾವುಟದ ಹತ್ತಿರವೇ ನಿಂತಿತು, ಬರ್ಡಿ, ಗೆಲುವು.