ಮಿನಾರ್‌ಗಳ ನಡುವಿನ ಪುಟ್ಟ ಅರಮನೆ

ಸಿಂಗಪುರದ ಜಾಮೇ ಮಸೀದಿ ಬರೀ ಕಲಬೆರಕೆ, ಅದಕ್ಕೆ ಸ್ವಂತ ಶೈಲಿಯೇ ಇಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪೋಕಾಗಲ್ಲ ಸಾರ್. ಹಾಸನದಿಂದ ಮಗಳ ಮನೆಗೆ ಹೋಗಿದ್ದಾಗ ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಸುಮ್ನೆ ಅಡ್ಡಾಡ್ತಾ ಅದನ್ನು ನೋಡಿದ್ದೆ. ಕಟ್ಟಿದವರು ಕೋರಮಂಡಲ ಕರಾವಳಿಯಿಂದ ವ್ಯಾಪಾರಕ್ಕೆ ಹೋದ ತಮಿಳು ಮುಸ್ಲಿಮರು, ಚೂಲಿಯಾ ಅಂತಾರೆ. 1826ರಲ್ಲಿ ಶುರುವಾದ ಮಸೀದಿ, ಈಗಿರುವ ಕಟ್ಟಡ 1830ರ ದಶಕದ್ದು. ಒಳಗೆ ಯುರೋಪಿನ ಮಾದರಿಯ ಕಂಬಗಳು, ಹೊರಗಿನ ಹೆಬ್ಬಾಗಿಲು ಮಾತ್ರ ಅಪ್ಪಟ ನಮ್ಮ ದಕ್ಷಿಣ ಭಾರತದ ಕಡೆಯದು.

ಆ ಹೆಬ್ಬಾಗಿಲ ಎರಡೂ ಬದಿಗಿರುವ ಎಂಟು ಮೂಲೆಯ ಮಿನಾರ್‌ಗಳ ನಡುವೆ ಏನಿದೆ ಅಂತ ಕತ್ತೆತ್ತಿ ನೋಡಿದ್ರಾ? ಒಂದು ಪುಟಾಣಿ ಅರಮನೆಯ ಮುಖ. ಬೆರಳು ತೂರುವಷ್ಟೇ ಅನ್ನಿಸುವ ಬಾಗಿಲುಗಳು, ಶಿಲುಬೆ ಆಕಾರದ ಕಿಟಕಿಗಳು. ನನಗೆ ತಕ್ಷಣ ಬೇಲೂರು ನೆನಪಾಯ್ತು, ಅಲ್ಲೂ ಗೋಡೆ ಮೇಲೆ ಪುಟ್ಟ ಪುಟ್ಟ ಗೋಪುರ ಕೆತ್ತಿದ್ದಾರಲ್ವಾ, ದೊಡ್ಡ ಕಟ್ಟಡದ ಮೈಮೇಲೆ ಸಣ್ಣ ಕಟ್ಟಡ. ಊರು ಬಿಟ್ಟು ಹೋದವರು ಕೈಗೆ ಅಭ್ಯಾಸವಾಗಿದ್ದನ್ನೇ ಅಲ್ಲೂ ಕಟ್ಟಿದ್ದಾರೆ, ಕಲಬೆರಕೆ ಯಾಕಾಗುತ್ತೆ?

ಇನ್ನೊಂದು, ಪಕ್ಕದಲ್ಲೇ ಮಾರಿಯಮ್ಮನ ಗುಡಿ ಇದೆ, 1827ರದ್ದು, ಅದೂ ತಮಿಳರದ್ದೇ. ಮಸೀದಿಯಿಂದ ಒಂದು ಬೀದಿಗೆ ಮಾಸ್ಕ್ (Mosque) ಸ್ಟ್ರೀಟ್, ಗುಡಿಯ ಗೋಪುರದಿಂದ ಇನ್ನೊಂದಕ್ಕೆ ಪಗೋಡಾ ಸ್ಟ್ರೀಟ್ ಅಂತ ಹೆಸರು ಬಂದಿದೆ. ಇಷ್ಟೆಲ್ಲ ಇರೋದು ಚೈನಾಟೌನ್‌ನಲ್ಲಿ! ಮಸೀದಿ 1974ರಿಂದ ರಾಷ್ಟ್ರೀಯ ಸ್ಮಾರಕ ಕೂಡ. ಲೇಖನದಲ್ಲಿ ಗುಡಿಯ ಮಾತೇ ಇಲ್ಲ, ಒಂದು ಸಾಲಾದರೂ ಸೇರಿಸಿ.