ಊದುವುದನ್ನು ಬಿಟ್ಟ ಮೇಲೆ ಕಲಿತ ಮೌತ್ ಆರ್ಗನ್

ಅಮೆರಿಕೆಯ ಕಪ್ಪು ಜನರ ಬ್ಲೂಸ್ ಸಂಗೀತ ನನಗೆ ಸಿಕ್ಕಿದ್ದು ಮೇಲೆ ಏನೂ ಬರೆದಿರದ ಒಂದು ಕ್ಯಾಸೆಟ್ಟಿನಲ್ಲಿ. ನನಗಿಂತ ಏಳೆಂಟು ವರ್ಷ ದೊಡ್ಡವನಾದ ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಅದನ್ನು ನನ್ನ ಕೈಗಿತ್ತು, "ಕೇಳಿ ನೋಡು, ಹಿಡಿಸದಿದ್ದರೆ ಇದರ ಮೇಲೆಯೇ ಬೇರೆ ಏನನ್ನಾದರೂ ರೆಕಾರ್ಡ್ ಮಾಡಿಕೋ" ಎಂದಿದ್ದ. ಆ ರಾತ್ರಿ ಟೇಪ್ ರೆಕಾರ್ಡರಿಗೆ ಹಾಕಿದಾಗ ಮೊದಲು ಗಿಟಾರು ಕೇಳಿಸಿತು, ಅದರ ಬೆನ್ನಿಗೇ ಮೌತ್ ಆರ್ಗನ್ ಬಂತು, ಆ ಮೌತ್ ಆರ್ಗನ್ನಿನ ಸ್ವರಗಳ ಸಂದಿಯಲ್ಲಿ ಯಾರೋ ಕಳ್ಳದನಿ ತೆಗೆದು 'ಹೂ' ಎಂದು ಕೂಗುತ್ತಿದ್ದರು. ವಾದ್ಯ ಎಲ್ಲಿ ನಿಂತಿತು, ಗಂಟಲು ಎಲ್ಲಿ ಮೊದಲಾಯಿತು ಎಂದು ತಿಳಿಯದೆ ಅದೇ ಅರ್ಧ ನಿಮಿಷವನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದೆ. ಮೂವರಿರಬೇಕು ಎಂದುಕೊಂಡಿದ್ದೆ, ಇದ್ದವರು ಇಬ್ಬರೇ. ಗಿಟಾರು ಬ್ರೌನಿ ಮೆಕ್‌ಗೀ ಅವರದು. ಮೌತ್ ಆರ್ಗನ್ನೂ ಆ ಕೂಗೂ ಸನ್ನಿ ಟೆರಿ ಅವರವು.

ಅವರ ಹೆಸರುಗಳು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. 1911ರಲ್ಲಿ ಹುಟ್ಟಿದ ಸನ್ನಿ ಟೆರಿ ಹದಿಹರೆಯ ದಾಟುವ ಮೊದಲೇ ಎರಡು ಬೇರೆ ಬೇರೆ ಅಪಘಾತಗಳಲ್ಲಿ ಕಣ್ಣುಗಳನ್ನು ಕಳೆದುಕೊಂಡರು. ಹೊಲದ ಕೆಲಸ ಸಾಧ್ಯವಿಲ್ಲದ್ದರಿಂದ ಸಂಗೀತವೇ ಹೊಟ್ಟೆಪಾಡಾಯಿತು. ಬೀದಿಯಲ್ಲಿ ನುಡಿಸುತ್ತಿದ್ದ ಆ ಮನುಷ್ಯ 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ವೇದಿಕೆಯ ಮೇಲೂ ಅದೇ ಕೂಗನ್ನು ಕೂಗಿದರು. ಈ ವಿವರ ಓದಿದ ದಿನ ನನಗಾದ ಸಂತೋಷ ಸ್ವಲ್ಪ ಹುಚ್ಚುತನದ್ದೇ ಇರಬೇಕು, ಏಕೆಂದರೆ ಅಷ್ಟು ಹೊತ್ತಿಗಾಗಲೇ ಆ ಕೂಗನ್ನು ಅನುಕರಿಸಲು ಹೋಗಿ ಮನೆಯವರಿಂದ ಬೈಸಿಕೊಂಡಿದ್ದೆ.

ಕ್ಯಾಸೆಟ್ಟು ಕೇಳಿದ ತಿಂಗಳಲ್ಲೇ ಸಿ ಶ್ರುತಿಯ, ಹತ್ತು ತೂತುಗಳ ಒಂದು ಚಿಕ್ಕ ಮೌತ್ ಆರ್ಗನ್ ಕೊಂಡೆ. ಊದಿದರೆ ಒಂದು ಸ್ವರ, ಉಸಿರು ಒಳಗೆಳೆದರೆ ಇನ್ನೊಂದು. ಹತ್ತು ತೂತುಗಳಿಗೆ ಇಪ್ಪತ್ತು ರೀಡುಗಳು, ಅಂದರೆ ಉಸಿರಿಗೆ ಕಂಪಿಸಿ ಸ್ವರ ಹೊರಡಿಸುವ ಹಿತ್ತಾಳೆಯ ತೆಳುಪಟ್ಟಿಗಳು. ಊದುವ ಸ್ವರಗಳೆಲ್ಲ ಚೆನ್ನಾಗಿಯೇ ಬಂದವು. ಎಳೆಯುವುದರಲ್ಲಿ ಎರಡನೆಯ ತೂತು ಮಾತ್ರ ನೆಗಡಿಯಾದವನಂತೆ ಗೊರಗುಟ್ಟಿತು. ವಾದ್ಯ ಕೆಟ್ಟಿದೆ ಎಂದು ತೀರ್ಮಾನಿಸಿ, ಚಿಕ್ಕ ಸ್ಕ್ರೂಡ್ರೈವರಿನಿಂದ ಹೊರಗಿನ ತಗಡನ್ನು ಬಿಚ್ಚಿ, ಆ ಎರಡನೆಯ ರೀಡನ್ನು ಉಗುರಿನಿಂದ ಮೀಟಿ ನೋಡಿದೆ. ಅದು ಟಿಂಗೆಂದು ನಿರ್ಮಲವಾಗಿ ನುಡಿಯಿತು. ಮತ್ತೆ ಜೋಡಿಸಿ ಬಾಯಿಗಿಟ್ಟರೆ ಅದೇ ಗೊರಗೊರ. ದೋಷ ನನ್ನ ಬಾಯಿಯಲ್ಲಿದೆ ಎಂದು ಒಪ್ಪಿಕೊಳ್ಳಲು ಮೂರು ವಾರ ಬೇಕಾಯಿತು. ದವಡೆ ಬಿಗಿದು, ನಾಲಿಗೆ ಸೇದಿಕೊಂಡು, ಜ್ಯೂಸು ಹೀರುವವನಂತೆ ಎಳೆಯುತ್ತಿದ್ದೆ. ಹೊಟ್ಟೆಯಿಂದ, ಆಕಳಿಸುವಷ್ಟು ಗಂಟಲು ತೆರೆದು, ಮೆಲ್ಲಗೆ ಉಸಿರು ತೆಗೆದುಕೊಂಡ ದಿನ ಆ ತೂತು ತಾನಾಗಿಯೇ ಹಾಡಿತು.

ಆದರೂ ಕ್ಯಾಸೆಟ್ಟಿನ ನಾದ ನನ್ನ ಬಾಯಿಗೆ ಬರಲಿಲ್ಲ. ಗಿಟಾರು ಯಾವ ಶ್ರುತಿಯಲ್ಲಿದೆಯೋ ಅದೇ ಶ್ರುತಿಯ ಮೌತ್ ಆರ್ಗನ್ನು ಬೇಕು ಎಂಬ ಸರಳ ತರ್ಕದಲ್ಲಿ ತಿಂಗಳುಗಟ್ಟಲೆ ಕಳೆದೆ. ನಾನು ನುಡಿಸಿದ್ದೆಲ್ಲ ಶಾಲೆಯ ಪ್ರಾರ್ಥನಾಗೀತೆಯಂತೆ ಕೇಳುತ್ತಿತ್ತು. ಕೊನೆಗೆ ಗಂಟು ಬಿಡಿಸಿದವರು ಒಬ್ಬ ಹಿರಿಯ ವಾದಕರು. ನನ್ನ ನುಡಿಸಾಣಿಕೆಯನ್ನು ಅರ್ಧಕ್ಕೆ ನಿಲ್ಲಿಸಿ, "ಊದುವುದನ್ನು ಬಿಡಪ್ಪ. ಎಳೆಯುವ ಕಡೆ ಮನೆ ಮಾಡು. ಗಿಟಾರು ಇ ಶ್ರುತಿಯಲ್ಲಿದ್ದರೆ ನೀನು ಎ ಮೌತ್ ಆರ್ಗನ್ ಹಿಡಿ" ಎಂದರು.

ನನ್ನ ಮಟ್ಟಿಗೆ ಈ ವಾದ್ಯದ ಅತ್ಯಂತ ರೋಚಕ ಸಂಗತಿ ಅದೇ. ಈ ಮೌತ್ ಆರ್ಗನ್ನಿನ ಸ್ವರಜೋಡಣೆ ಜರ್ಮನ್ ಭಾಷಿಕರ ನಾಡಿನಲ್ಲಿ, ಅಲ್ಲಿನ ಜನಪದ ಧಾಟಿಗಳನ್ನು ಮತ್ತು ನೃತ್ಯದ ಮಟ್ಟುಗಳನ್ನು ಸಲೀಸಾಗಿ ನುಡಿಸಲೆಂದು ರೂಪುಗೊಂಡದ್ದು. ಸಿ ಮೌತ್ ಆರ್ಗನ್ನನ್ನು ಎಲ್ಲಿ ಊದಿದರೂ ಸಿ ಶ್ರುತಿಯ ಮಧುರ ಸ್ವರಮೇಳವೇ ಹೊಮ್ಮುತ್ತದೆ, ತಪ್ಪು ಮಾಡುವುದೇ ಕಷ್ಟ. ಹೋನರ್ ಕಂಪನಿಯ ಮರೀನ್ ಬ್ಯಾಂಡ್ ಮಾದರಿ 1896ರಲ್ಲಿ ಬಂತು. ಇಂತಹ ಅಗ್ಗದ ವಾದ್ಯಗಳು ಹಡಗು ಹಡಗಾಗಿ ಅಮೆರಿಕೆಗೆ ಹೋದವು, ದಕ್ಷಿಣ ರಾಜ್ಯಗಳ ಕಪ್ಪು ಕೃಷಿಕಾರ್ಮಿಕರ ಜೇಬುಗಳನ್ನೂ ಸೇರಿದವು. ಅವರು ಅದನ್ನು ತಯಾರಕರು ಕನಸಿನಲ್ಲೂ ಎಣಿಸದ ರೀತಿಯಲ್ಲಿ ಬಳಸಿದರು. ಎರಡನೆಯ ತೂತನ್ನು ಎಳೆದಾಗ ಬರುವ ಜಿ ಸ್ವರವನ್ನೇ ಷಡ್ಜವೆಂದು ಹಿಡಿದರು. ಹಾಗೆ ಹಿಡಿದರೆ ನಾಲ್ಕನೆಯ ತೂತಿನ ಎಳೆತದಲ್ಲಿ ಪಂಚಮ ಸಿಗುತ್ತದೆ, ಐದನೆಯದರಲ್ಲಿ ಬ್ಲೂಸಿಗೆ ಬೇಕೇಬೇಕಾದ ಇಳಿದ ನಿಷಾದ ತಯಾರಾಗಿಯೇ ಕೂತಿರುತ್ತದೆ. ವಾದ್ಯವನ್ನು 'ತಪ್ಪು' ಶ್ರುತಿಯಲ್ಲಿ ನುಡಿಸುವ ಈ ಕ್ರಮಕ್ಕೆ ಕ್ರಾಸ್ ಹಾರ್ಪ್ ಎಂಬ ಹೆಸರಿದೆ.

ಇಷ್ಟಲ್ಲದೆ ಬೆಂಡ್ ಎಂಬ ಮಾಯೆ ಬೇರೆ. ಒಂದೇ ತೂತಿನ ಹಿಂದೆ ಊದುವ ರೀಡೂ ಎಳೆಯುವ ರೀಡೂ ಒಂದೇ ಚಿಕ್ಕ ಕೋಣೆಯನ್ನು ಹಂಚಿಕೊಂಡಿರುತ್ತವೆ. ಎಳೆಯುತ್ತಿರುವಾಗಲೇ ನಾಲಿಗೆಯನ್ನು ಹಿಂದಕ್ಕೆ ಸರಿಸಿ ಬಾಯಿಯೊಳಗಿನ ಜಾಗದ ಆಕಾರವನ್ನು ಬದಲಿಸಿದರೆ, ಅಷ್ಟು ಹೊತ್ತು ಸುಮ್ಮನಿದ್ದ ಇನ್ನೊಂದು ರೀಡೂ ಕಂಪಿಸತೊಡಗಿ ಸ್ವರ ಕೆಳಗೆ ಜಾರುತ್ತದೆ. ಮೂರನೆಯ ತೂತಿನಲ್ಲಿ ಹೀಗೆ ಮೂರು ಅರ್ಧಸ್ವರಗಳಷ್ಟು ಇಳಿಯಬಹುದು. ಬ್ಲೂಸ್ ಗಾಯಕರ ಗಾಂಧಾರ ಪಿಯಾನೋದ ಯಾವ ಮನೆಗೂ ಸೇರದೆ, ಎರಡು ಮನೆಗಳ ನಡುವೆ ಎಲ್ಲೋ ನರಳುತ್ತದಲ್ಲ, ಅದರ ವಿಳಾಸ ಈ ಮೂರನೆಯ ತೂತು. ಅದನ್ನು ಹುಡುಕುತ್ತ ನಾನು ಕನ್ನಡಿಯ ಮುಂದೆ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ; ಹೊರಗಿನಿಂದ ಕಾಣುವುದು ಏನೂ ಇಲ್ಲದ ವಿದ್ಯೆಗೆ ಕನ್ನಡಿ ಏಕೆ ಬೇಕಿತ್ತೋ ಗೊತ್ತಿಲ್ಲ.

ಬೆಂಡ್ ಸಿಕ್ಕ ಮೇಲೆ ಹೊಸ ರೋಗ ಹತ್ತಿತು: ಬಿಡುವಿಲ್ಲದೆ ನುಡಿಸುವುದು. ಅದನ್ನು ವಾಸಿ ಮಾಡಿದ್ದು ಬ್ಲೂಸ್ ಪದ್ಯದ ರಚನೆ. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳಾವರ್ತಗಳ, ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಮೂರು ಸಾಲು. ಮೊದಲ ಸಾಲನ್ನೇ ಇನ್ನೊಮ್ಮೆ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರವನ್ನೋ ಕುಹಕವನ್ನೋ ಕೊಡುತ್ತಾರೆ. ಪ್ರತಿ ಸಾಲಿಗೂ ನಾಲ್ಕು ಬಾರ್ ಮೀಸಲು, ಆದರೆ ಮಾತು ಸುಮಾರು ಎರಡರಲ್ಲೇ ಮುಗಿಯುತ್ತದೆ. ಉಳಿದ ಎರಡು ವಾದ್ಯದ ಪಾಲು. ಹಾಡುವವರು ಬಾಯಿ ಮುಚ್ಚುವವರೆಗೆ ಕಾದು, ಅವರು ಹೇಳಿದ್ದಕ್ಕೆ ಒಪ್ಪಿಗೆ ಕೊಟ್ಟಂತೆ ನಾಲ್ಕು ಸ್ವರ ನುಡಿಸಿ ಸುಮ್ಮನಾಗುವುದು ಬೆಂಡ್‌ಗಿಂತ ನನಗೆ ಕಷ್ಟವಾಯಿತು.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಬ್ಲೂಸ್ ಎಂದೊಡನೆ ಅಳು ಎಂದು ಭಾವಿಸುವವರು ಗಿಟಾರು ನುಡಿಸುತ್ತ ಹಾಡುತ್ತಿದ್ದ ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ಅವರನ್ನು ಒಮ್ಮೆ ಕೇಳಬೇಕು. 1928ರಲ್ಲಿ ಕೆಲವು ಹಾಡುಗಳನ್ನು ಧ್ವನಿಮುದ್ರಿಸಿದ ಅವರು ಅವು ಮಾರಾಟವಾಗದಿದ್ದಾಗ ಬೇಸಾಯಕ್ಕೆ ಮರಳಿದರು. ಅವರ ಒಂದು ಹಾಡಿನಲ್ಲಿ ಬರುವ ಅವಲಾನ್ ಎಂಬ ಊರಿನ ಹೆಸರನ್ನೇ ಜಾಡು ಹಿಡಿದು ಹೋದ ಅಭಿಮಾನಿಯೊಬ್ಬರು 1963ರಲ್ಲಿ ಅವರನ್ನು ಪತ್ತೆ ಹಚ್ಚಿದಾಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಹೆಬ್ಬೆರಳು ಗಿಟಾರಿನ ಮಂದ್ರ ತಂತಿಗಳ ಮೇಲೆ ಗಡಿಯಾರದಂತೆ ನಡೆಯುತ್ತಿದ್ದರೆ, ಉಳಿದ ಬೆರಳುಗಳು ಮೇಲೆ ಹಾಡಿನ ಮಟ್ಟನ್ನು ಬಿಡಿಸಿಡುತ್ತಿದ್ದವು. ಕೊಲೆ, ಜೈಲು, ಸಾವು ಎಲ್ಲವನ್ನೂ ಅವರು ಹಾಡಿದ್ದು ಜಗಲಿಯ ಮೇಲೆ ಕೂತು ಪಕ್ಕದವರೊಡನೆ ಮಾತಾಡುವ ದನಿಯಲ್ಲಿ. ಬಡತನವನ್ನೂ ವರ್ಣದ್ವೇಷವನ್ನೂ ಉಂಡ ಜನರ ಸಂಗೀತದಲ್ಲಿ ದುಃಖವಿರುವುದು ಸಹಜ, ಆದರೆ ಅದರಲ್ಲಿರುವ ತುಂಟತನ, ಕಾಮ, ವ್ಯಂಗ್ಯಗಳನ್ನು ಬಿಟ್ಟು ಬರಿಯ ಕಣ್ಣೀರನ್ನು ಎತ್ತಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮೈಕು, ಆಂಪ್ಲಿಫೈಯರ್ ಹಿಡಿದು ಈ ವಾದ್ಯಕ್ಕೆ ಹೊಸ ಕಂಠವನ್ನೇ ಕೊಟ್ಟ ಲಿಟಲ್ ವಾಲ್ಟರ್ ಅವರ ಮುಂದೆ ನಾನೂ ತಲೆಬಾಗುತ್ತೇನೆ. ಆದರೂ ಕಲಿಯುವವರು ಕೇಳಿದರೆ ಮೊದಲು ಯಾವ ವೈರನ್ನೂ ಚುಚ್ಚದೆ ನುಡಿಸಿ ಎನ್ನುತ್ತೇನೆ. ಅಂಗೈಗಳೆರಡನ್ನೂ ಬಟ್ಟಲಿನಂತೆ ಸೇರಿಸಿ ವಾದ್ಯವನ್ನು ಮುಚ್ಚಿ, ಬಲಗೈಯನ್ನು ಮೆಲ್ಲಗೆ ತೆರೆದಾಗ ನಾದ 'ವ್ವಾ' ಎಂದು ಅರಳುವುದನ್ನು ಆಂಪ್ಲಿಫೈಯರಿನ ಅಬ್ಬರದಲ್ಲಿ ಕೇಳಿಸಿಕೊಳ್ಳುವುದು ಕಷ್ಟ.

ಆ ಮೊದಲ ಸಿ ಮೌತ್ ಆರ್ಗನ್ ಈಗಲೂ ನನ್ನ ಬಳಿ ಇದೆ. ಕಲಿಯುವ ಆವೇಶದಲ್ಲಿ ಬಲವಂತವಾಗಿ ಎಳೆದೆಳೆದು ಅದರ ನಾಲ್ಕನೆಯ ರೀಡು ದಣಿದು ಶ್ರುತಿ ತಪ್ಪಿದೆ, ಪಂಚಮ ಒಂದು ಕೂದಲೆಳೆ ಕೆಳಗೇ ನಿಲ್ಲುತ್ತದೆ. ಆ ಎರಡನೆಯ ತೂತು ಮಾತ್ರ, ಕೆಟ್ಟಿದೆ ಎಂದು ನಾನು ಬಿಚ್ಚಿ ನೋಡಿದ್ದು, ಇವತ್ತಿಗೂ ಹೊಸದರಂತೆ ನುಡಿಯುತ್ತದೆ.