ಎಸ್‌ಎಲ್‌ಆರ್ ಗ್ಯಾಸ್ ರೆಗ್ಯುಲೇಟರ್: ಊರಿನ ಕೋತ್, ಇಲ್ಲಿನ ರೇಂಜ್

ಅಮೆರಿಕದ ರೇಂಜ್‌ಗಳಲ್ಲಿ ಬೆಲ್ಜಿಯಂ ವಿನ್ಯಾಸದ ಹಳೆಯ ಎಫ್‌ಎಎಲ್ ರೈಫಲ್ ಇಟ್ಟುಕೊಂಡವರ ಮಾತು ಬೇಗನೆ, ರೈಫಲ್ಲನ್ನು ನಡೆಸುವ ಅನಿಲವನ್ನು ಹದಮಾಡುವ ಗ್ಯಾಸ್ ರೆಗ್ಯುಲೇಟರ್‌ಗೆ ಬಂದು ನಿಲ್ಲುತ್ತದೆ. ಹೆಚ್ಚಿನವರು ಕೇಳುವುದು ಒಂದೇ: ಹೆಗಲಿಗೆ ಬೀಳುವ ಒದೆತ ಎಷ್ಟು ಕಡಿಮೆ ಮಾಡಬಹುದು? ಇದೇ ಕುಲದ ರೈಫಲ್ಲನ್ನು ನಾವು ಊರಿನಲ್ಲಿ, ಭಾರತದಲ್ಲಿ, ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎನ್ನುತ್ತೇವೆ. 1960ರ ದಶಕದಿಂದ ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾದ 7.62 ಎಂಎಂ 1ಎ1 ಅದು. 1971ರ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು, ಇನ್ಸಾಸ್ ರೈಫಲ್ ಬಂದ ಮೇಲೆ ಪೊಲೀಸ್ ಪಡೆಗಳಲ್ಲಿ ಉಳಿದದ್ದು. ಅದನ್ನು ಹೊತ್ತು ನಿವೃತ್ತರಾದವರನ್ನು ರೆಗ್ಯುಲೇಟರ್ ಬಗ್ಗೆ ಕೇಳಿದರೆ ಸಿಗುವ ಉತ್ತರ ಬೇರೆ: ಕೋತ್‌ನಲ್ಲಿ (ಆಯುಧಾಗಾರದಲ್ಲಿ) ಆಯುಧ ದುರಸ್ತಿಯ ಆರ್ಮರರ್ ಕೂರಿಸಿ ಕೊಟ್ಟಿರುತ್ತಾರೆ, ನಾವು ಮುಟ್ಟುವಂತಿಲ್ಲ.

ನನ್ನ ಮಟ್ಟಿಗೆ ಎರಡೂ ಅರ್ಧ ಸರಿ. ರೆಗ್ಯುಲೇಟರ್ ಇರುವುದು ಹೆಗಲಿನ ಸುಖಕ್ಕಲ್ಲ. ಹಾಗೆಂದು ಅದು ಒಮ್ಮೆ ಕೂರಿಸಿ ಮರೆಯುವ ಭಾಗವೂ ಅಲ್ಲ. ತೋಟಾ ಬದಲಾದರೆ, ಚಳಿ ಹೆಚ್ಚಿದರೆ, ಮಸಿ ಕಟ್ಟಿದರೆ ರೈಫಲ್ ನಡೆಯಬೇಕು, ಅಷ್ಟಕ್ಕೇ ಅದನ್ನು ಇಟ್ಟಿದ್ದಾರೆ.

ಕೆಲಸ ನಡೆಯುವುದು ಹೀಗೆ. ಗುಂಡು ಬ್ಯಾರೆಲ್ಲಿನ ಸಣ್ಣ ರಂಧ್ರವನ್ನು ದಾಟಿದಾಗ ಅನಿಲದ ಒಂದು ಪಾಲು ಮೇಲಿನ ಗ್ಯಾಸ್ ಬ್ಲಾಕ್‌ಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಹೊಡೆಯುತ್ತದೆ. ಪಿಸ್ಟನ್ ಬೋಲ್ಟ್ ಕ್ಯಾರಿಯರನ್ನು ತಳ್ಳುತ್ತದೆ, ತೋಟಾ ಕೂರುವ ಚೇಂಬರನ್ನು ಮುಚ್ಚಿದ್ದ ಬೋಲ್ಟ್ ಬಿಡಿಸಿಕೊಂಡು ಖೋಕಾವನ್ನು, ಅಂದರೆ ಸುಟ್ಟ ತೋಟಾದ ಖಾಲಿ ಕವಚವನ್ನು, ಎಳೆದು ಹೊರಗೆಸೆಯುತ್ತದೆ. ಎಫ್‌ಎಎಲ್ ವಿನ್ಯಾಸದ ವಿಶೇಷ ಏನೆಂದರೆ, ರೆಗ್ಯುಲೇಟರ್ ಒಳಬರುವ ಅನಿಲವನ್ನು ಅಳೆಯುವುದಿಲ್ಲ, ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ಗ್ಯಾಸ್ ಬ್ಲಾಕಿನ ಹಿಂದಿರುವ ಆ ಉಂಗುರ ತಿರುಗಿಸಿದಂತೆ ಒಂದು ಕಿಂಡಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕಿಂಡಿ ಪೂರ್ತಿ ತೆರೆದಿದ್ದರೆ ಪಿಸ್ಟನ್‌ಗೆ ಸಿಗುವುದು ಕಡಿಮೆ, ಮುಚ್ಚಿದ್ದರೆ ಎಲ್ಲವೂ ಪಿಸ್ಟನ್‌ಗೆ. ಉಂಗುರದ ಮೇಲೆ ಕೊರೆದ ಅಂಕಿಗಳು ಬೆಲ್ಜಿಯಂ ಮಾದರಿಗೂ ಬ್ರಿಟಿಷ್ ಮಾದರಿಗೂ ಬೇರೆ ಬೇರೆ. ಹಾಗಾಗಿ ಅಂಕಿಯನ್ನು ನಂಬದೆ ಕಿಂಡಿಯನ್ನೇ ಕಣ್ಣಾರೆ ನೋಡಿ ನಿರ್ಧರಿಸುವುದು ಒಳ್ಳೆಯದು. 'ನನ್ನದು ನಾಲ್ಕರಲ್ಲಿದೆ, ನೀವೂ ನಾಲ್ಕಕ್ಕೆ ಇಡಿ' ಎನ್ನುವ ಸಲಹೆಗೆ ಅರ್ಥವೇ ಇಲ್ಲ.

ತಿರುಗಿಸುವ ಮೊದಲು ನೋಡಬೇಕಾದದ್ದು ಬಹಳ ಇದೆ, ಅಮೆರಿಕದ ಹವ್ಯಾಸಿಗಳು ಅವಸರ ಮಾಡುವುದೂ ಇಲ್ಲೇ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಮುಂದಿನ ಗುಂಡಿಯನ್ನು ಒತ್ತಿ ಗ್ಯಾಸ್ ಪ್ಲಗ್ಗನ್ನು ಕಾಲು ಸುತ್ತು ತಿರುಗಿಸಿದರೆ ಅದು ಹೊರಬರುತ್ತದೆ. ಒಳಗಿನ ಸ್ಪ್ರಿಂಗಿನ ಒತ್ತಡಕ್ಕೆ ಚಿಮ್ಮೀತು, ಹೆಬ್ಬೆರಳು ಅಡ್ಡ ಇರಲಿ. ಪಿಸ್ಟನ್ನನ್ನು ಸ್ಪ್ರಿಂಗಿನಿಂದ ಬಿಡಿಸಿ, ಬರಿಯ ಪಿಸ್ಟನ್ನನ್ನೇ ಮತ್ತೆ ಒಳಗಿಟ್ಟು ರೈಫಲ್ಲನ್ನು ಹಿಂದೆ ಮುಂದೆ ವಾಲಿಸಿ ನೋಡಿ. ಅದು ತನ್ನ ತೂಕಕ್ಕೇ ಸರಾಗವಾಗಿ ಜಾರಬೇಕು. ಎಲ್ಲಾದರೂ ತಡೆದರೆ ಪಿಸ್ಟನ್ ಬಾಗಿದೆ, ಗ್ಯಾಸ್ ಟ್ಯೂಬ್ ಓರೆಯಾಗಿದೆ, ಇಲ್ಲವೇ ಇಂಗಾಲ ಗಟ್ಟಿಯಾಗಿದೆ. ಇದನ್ನು ಸರಿಮಾಡದೆ ರೆಗ್ಯುಲೇಟರ್ ಮುಚ್ಚುತ್ತಾ ಹೋದರೆ ರೋಗ ಅಡಗುತ್ತದೆ, ವಾಸಿಯಾಗುವುದಿಲ್ಲ.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ ತೋಕ್, ಅಂದರೆ ಕೋವಿ, ಮನೆತನದ ವಸ್ತು. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಅದನ್ನು ಒರೆಸಿ, ಹೂವಿಟ್ಟು ಪೂಜಿಸುವ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಮಲೆನಾಡಿನ ಮಳೆಗೆ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳ ಒಳಗೂ ಹೊರಗೂ ಎಣ್ಣೆ ಸವರುವುದು ಸರಿಯೇ, ಅವುಗಳಲ್ಲಿ ಗ್ಯಾಸ್ ವ್ಯವಸ್ಥೆ ಎಂಬುದೇ ಇಲ್ಲ. ಆದರೆ ಅದೇ ಅಭ್ಯಾಸದ ಕೈ ಎಸ್‌ಎಲ್‌ಆರ್ ಪಿಸ್ಟನ್ನಿನ ಮೇಲೂ ಎಣ್ಣೆ ಸುರಿದರೆ, ಬಿಸಿ ಅನಿಲಕ್ಕೆ ಆ ಎಣ್ಣೆ ಸುಟ್ಟು ಅಂಟಿನಂತೆ ಕೂರುತ್ತದೆ. ಪಿಸ್ಟನ್, ಗ್ಯಾಸ್ ಸಿಲಿಂಡರ್, ಪ್ಲಗ್ ಮೂರನ್ನೂ ಚಿಂದಿಯಿಂದ ಒರೆಸಿ ಒಣಗಿಸಿಯೇ ಜೋಡಿಸಬೇಕು. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ತೆಳುವಾಗಿ ಎಣ್ಣೆ ಇರಲಿ, ರೇಂಜಿಗೆ ಹೋಗುವ ಮುನ್ನ ತೆಗೆಯಿರಿ. ಎಣ್ಣೆ ಬೇಕಾದದ್ದು ಬೋಲ್ಟ್ ಕ್ಯಾರಿಯರ್ ಜಾರುವ ಹಳಿಗಳಿಗೆ.

ಪ್ಲಗ್ ಹಿಂದಕ್ಕೆ ಹಾಕುವಾಗ ದಿಕ್ಕು ನೋಡಿ. ಬೆಲ್ಜಿಯಂ ಮಾದರಿಯ ಪ್ಲಗ್ಗಿನ ಒಂದು ಬದಿಯಲ್ಲಿ 'ಎ', ಎದುರು ಬದಿಯಲ್ಲಿ 'ಜಿಆರ್' ಎಂದಿರುತ್ತದೆ. 'ಎ' ಮೇಲಿದ್ದರೆ ಅನಿಲದ ದಾರಿ ತೆರೆದಿದೆ. 'ಜಿಆರ್' ಮೇಲೆ ಬಂದರೆ ರೈಫಲ್ ಗ್ರೆನೇಡ್ ಹಾರಿಸಲೆಂದು ದಾರಿ ಮುಚ್ಚಿದೆ, ಪ್ರತಿ ಗುಂಡಿಗೂ ಕೈಯಿಂದಲೇ ಕಾಕ್ ಮಾಡಬೇಕು. 'ರೈಫಲ್ ಕೆಟ್ಟಿದೆ' ಎಂದು ತಂದುಕೊಡುವವರ ದೂರಿಗೆ ಎಷ್ಟೋ ಸಲ ತಿರುಗುಮುರುಗಾದ ಈ ಪ್ಲಗ್ಗೇ ಕಾರಣ.

ಇನ್ನು ಹೊಂದಿಸುವ ಕ್ರಮ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಹಾಕಿಕೊಂಡು, ಮುಂದೆ ಬಳಸಲಿರುವ ತೋಟಾವನ್ನೇ ತೆಗೆದುಕೊಳ್ಳಿ. ಕಿಂಡಿಯನ್ನು ಪೂರ್ತಿ ತೆರೆಯಿರಿ. ಮ್ಯಾಗಜಿನ್‌ನಲ್ಲಿ ಒಂದೇ ಒಂದು ತೋಟಾ ಹಾಕಿ, ಹೆಗಲಿಗೆ ಬಿಗಿಯಾಗಿ ಆನಿಸಿ ಹೊಡೆಯಿರಿ. ಸಡಿಲವಾಗಿ ಹಿಡಿದರೆ ಇಡೀ ರೈಫಲ್ಲೇ ಹಿಂದೆ ಸರಿದು, ಬೋಲ್ಟ್ ಕ್ಯಾರಿಯರ್ ಅದರೊಳಗೆ ಓಡುವ ದೂರ ಕಡಿಮೆಯಾಗುತ್ತದೆ, ಅಳತೆ ತಪ್ಪುತ್ತದೆ. ಮ್ಯಾಗಜಿನ್ ಖಾಲಿಯಾದಾಗ ಬೋಲ್ಟ್ ಹಿಂದೆಯೇ ನಿಲ್ಲಬೇಕು. ನಿಲ್ಲದಿದ್ದರೆ ಉಂಗುರವನ್ನು ಒಂದು ಕ್ಲಿಕ್ ಮುಚ್ಚಿ, ಮತ್ತೆ ಒಂದು ತೋಟಾ. ಮೊದಲ ಕೆಲವು ಹೊಡೆತಗಳಲ್ಲಿ ಖೋಕಾ ಹೊರಗೇ ಬಾರದೆ ಸಿಕ್ಕಿಕೊಳ್ಳಬಹುದು, ಅದು ನಿರೀಕ್ಷಿತವೇ. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು ಬಿಡಿಸಿ. ಖಾಲಿ ಮ್ಯಾಗಜಿನ್ ಮೇಲೆ ಬೋಲ್ಟ್ ಹಿಂದೆ ನಿಂತ ಕಡೆ ತಡೆಯಿರಿ. ಅದೇ ಸ್ಥಾನದಲ್ಲಿ ಇನ್ನೂ ನಾಲ್ಕೈದು ತೋಟಾಗಳನ್ನು ಒಂದೊಂದಾಗಿ ಹೊಡೆದು, ಪ್ರತಿ ಸಲವೂ ನಿಲ್ಲುತ್ತದೆಯೆಂದು ಖಚಿತವಾದ ಮೇಲೆ ಎರಡು ಕ್ಲಿಕ್ ಹೆಚ್ಚುವರಿಯಾಗಿ ಮುಚ್ಚಿ. ಆಮೇಲೆ 20 ತೋಟಾಗಳ ತುಂಬಿದ ಮ್ಯಾಗಜಿನ್‌ನಿಂದ ಪರೀಕ್ಷೆ.

ಬ್ರಿಟಿಷ್ ಮಾದರಿಯ ಹಲವು ರೈಫಲ್‌ಗಳಲ್ಲಿ ಬೋಲ್ಟ್ ತಾನಾಗಿ ಹಿಂದೆ ನಿಲ್ಲುವ ಏರ್ಪಾಡು ಇರುವುದಿಲ್ಲ, ಕೈಯಿಂದ ಮಾತ್ರ ನಿಲ್ಲಿಸಬಹುದು. ಅಂಥದ್ದರಲ್ಲಿ ಎರಡು ತೋಟಾ ಹಾಕಿ, ಮೊದಲನೆಯದು ಹೊಡೆದಾಗ ಎರಡನೆಯದು ಚೇಂಬರ್‌ಗೆ ಸರಿಯಾಗಿ ಹೋಯಿತೇ ಎಂದು ನೋಡುವುದೇ ದಾರಿ. ತಾನಾಗಿ ನಿಲ್ಲುವ ರೈಫಲ್‌ನಲ್ಲೂ ಮೊದಲು ಖಾಲಿ ಮ್ಯಾಗಜಿನ್ ಹಾಕಿ ಕೈಯಿಂದ ಎಳೆದು ನೋಡಿ. ಆಗಲೂ ನಿಲ್ಲದಿದ್ದರೆ ತಪ್ಪು ಮ್ಯಾಗಜಿನ್ ಸ್ಪ್ರಿಂಗಿನದೋ ಬೋಲ್ಟನ್ನು ಹಿಂದೆ ತಡೆಯುವ ಕೊಂಡಿಯದೋ ಹೊರತು ಅನಿಲದ್ದಲ್ಲ.

ಆ ಹೆಚ್ಚುವರಿ ಎರಡು ಕ್ಲಿಕ್ ವಿಷಯದಲ್ಲೇ ನಾನು ಇಲ್ಲಿನ ಗೆಳೆಯರ ಜೊತೆ ಒಪ್ಪುವುದಿಲ್ಲ. ಬೋಲ್ಟ್ ನಿಂತ ಮೊದಲ ಸ್ಥಾನದಲ್ಲೇ ಬಿಟ್ಟರೆ ಒದೆತ ಮೆತ್ತಗಿರುತ್ತದೆ, ಖೋಕಾಗಳು ಹತ್ತಿರದಲ್ಲೇ ಬೀಳುತ್ತವೆ, ಆರಿಸಿಕೊಂಡು ಮತ್ತೆ ಮದ್ದು ತುಂಬುವವರಿಗೆ ಅದು ಅನುಕೂಲ. ಆದರೆ ಅದು ಶುಭ್ರ ರೈಫಲ್, ಬೆಚ್ಚಗಿನ ದಿನ, ಒಂದೇ ಪೆಟ್ಟಿಗೆಯ ತೋಟಾ, ಈ ಮೂರೂ ಕೂಡಿದಾಗಿನ ಅಳತೆ. ಚಳಿಯಲ್ಲಿ ಮದ್ದಿನ ಒತ್ತಡ ಇಳಿಯುತ್ತದೆ, ಹಳಿಗಳ ಎಣ್ಣೆ ದಪ್ಪಗಾಗುತ್ತದೆ, ನೂರಾರು ಗುಂಡು ಹೊಡೆದ ಮೇಲೆ ಚೇಂಬರ್ ಒರಟಾಗುತ್ತದೆ. ಲಡಾಖಿನ ಚಳಿಗೂ ರಾಜಸ್ಥಾನದ ಮರಳಿಗೂ ಹೋಗಬೇಕಾಗಿದ್ದ ರೈಫಲ್‌ಗೆ ಸೈನ್ಯದವರು ಆ ಮೀಸಲು ಇಟ್ಟದ್ದು ಸರಿಯಾದ ತಿಳಿವಳಿಕೆಯಿಂದ. ರೇಂಜಿನ ಬೆಂಚಿನ ಮೇಲೆ ಅದು ಬೇಡವೆನಿಸಬಹುದು. ನನಗಂತೂ ಸರಿಯಾಗಿ ನಡೆಯುವ ರೈಫಲ್ಲೇ ಸರಿಯಾದ ರೈಫಲ್.

ಹೆಚ್ಚಾದರೂ ಕೆಡುಕೇ. ಸುಮ್ಮನೆ ಪೂರ್ತಿ ಮುಚ್ಚಿಟ್ಟುಕೊಂಡವರ ರೈಫಲ್‌ನಲ್ಲಿ ಬೋಲ್ಟ್ ಕ್ಯಾರಿಯರ್ ಹಿಂದಿನ ಗೋಡೆಗೆ ಬಡಿಯುತ್ತದೆ, ಖೋಕಾಗಳು ದೂರ ಹಾರಿ ಜಜ್ಜಿಹೋಗುತ್ತವೆ, ಅಂಚು ಹರಿಯುತ್ತದೆ. ಇದರಲ್ಲಿ ಒಂದು ಮೋಸದ ಲಕ್ಷಣವಿದೆ. ಬೋಲ್ಟ್ ತೀರಾ ಬೇಗ ಬಿಡಿಸಿಕೊಂಡಾಗ ಚೇಂಬರ್‌ನಲ್ಲಿ ಒತ್ತಡ ಇನ್ನೂ ಇಳಿದಿರುವುದಿಲ್ಲ, ಖೋಕಾ ಗೋಡೆಗೆ ಅಂಟಿಕೊಂಡಿರುತ್ತದೆ. ಖೋಕಾ ಎಳೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಅದರ ಅಂಚನ್ನು ಹರಿದುಕೊಂಡು ಬರುತ್ತದೆ, ಖೋಕಾ ಒಳಗೇ ಉಳಿಯುತ್ತದೆ. ನೋಡುವವರಿಗೆ ಇದು ಅನಿಲ ಸಾಲದ ತೊಂದರೆಯಂತೆ ಕಂಡು ಇನ್ನೂ ಮುಚ್ಚುತ್ತಾರೆ. ಅಂಚು ಹರಿದ ಖೋಕಾ ಸಿಕ್ಕರೆ ಮೊದಲು ಚೇಂಬರ್ ತೊಳೆಯಿರಿ, ನಂತರ ಕಿಂಡಿಯನ್ನು ತೆರೆಯುವ ಕಡೆಗೆ ಹೋಗಿ.

ಪೂರ್ತಿ ಮುಚ್ಚಿದರೂ ನಡೆಯದಿದ್ದರೆ? ಅಮೆರಿಕದಲ್ಲಿ ಇದು ಹೆಚ್ಚು, ಅದಕ್ಕೆ ಕಾರಣವೂ ಇದೆ. ಇಲ್ಲಿನ ಎಷ್ಟೋ ಎಫ್‌ಎಎಲ್‌ಗಳು ಬೇರೆ ದೇಶಗಳ ಸೈನ್ಯದವು, ಬಿಡಿಭಾಗಗಳಾಗಿ ಬಂದು ಇಲ್ಲಿ ಮರುಜೋಡಣೆಯಾದವು. 2005ರಿಂದ ಬ್ಯಾರೆಲ್ ಆಮದಿಗೂ ತಡೆ ಬಿದ್ದದ್ದರಿಂದ ಗ್ಯಾಸ್ ಬ್ಲಾಕ್ ಒಂದು ಕಡೆಯದು, ಬ್ಯಾರೆಲ್ ಇನ್ನೊಂದು ಕಡೆಯದು. ಎರಡರ ರಂಧ್ರ ಒಂದರ ಮೇಲೊಂದು ಕೂರದಿರಬಹುದು, ಬ್ಲಾಕ್ ಮತ್ತು ಬ್ಯಾರೆಲ್ ಸೇರುವಲ್ಲಿ ಸೋರಬಹುದು. ಹೊಡೆದ ಮೇಲೆ ಆ ಸಂದಿನಲ್ಲಿ ಹೊಸ ಮಸಿಯ ಗೆರೆ ಕಂಡರೆ ಸೋರಿಕೆ ಖಚಿತ. ಗ್ಯಾಸ್ ಟ್ಯೂಬ್ ಕೈಗೆ ಅಲುಗುತ್ತದೆಯೇ ನೋಡಿ. ಬ್ಯಾರೆಲ್ ಗಿಡ್ಡ ಮಾಡಿಸಿದ್ದರೆ, ಗುಂಡು ರಂಧ್ರ ದಾಟಿ ಬಾಯಿ ಬಿಡುವವರೆಗಿನ ಕಾಲ ಕಡಿಮೆಯಾಗಿ ಪಿಸ್ಟನ್‌ಗೆ ಅನಿಲ ಸಾಲುವುದಿಲ್ಲ. ಇಷ್ಟನ್ನೂ ನೋಡದೆ ಬ್ಯಾರೆಲ್ಲಿನ ರಂಧ್ರವನ್ನೇ ಡ್ರಿಲ್‌ನಿಂದ ದೊಡ್ಡದು ಮಾಡುವುದು ಇಲ್ಲಿ ನಡೆದಿದೆ. ದೊಡ್ಡದಾದ ರಂಧ್ರ ಮತ್ತೆ ಚಿಕ್ಕದಾಗುವುದಿಲ್ಲ. ಅಳತೆಯ ಗೇಜ್ ಇರುವ ಬಂದೂಕು ಕುಶಲಕರ್ಮಿಗೆ ಮಾತ್ರ ಬಿಡಬೇಕಾದ ಕೆಲಸವದು.

ಬೇರೆ ದೇಶಗಳು ಇದೇ ತೊಡಕನ್ನು ಬೇರೆ ರೀತಿ ಬಿಡಿಸಿದವು. ಸೋವಿಯತ್ ಎಸ್‌ವಿಟಿ-40 ರೈಫಲ್‌ನಲ್ಲಿ ಐದು ಮುಖದ ರೆಗ್ಯುಲೇಟರ್, ಅದರಲ್ಲಿ 1.1, 1.2, 1.3, 1.5, 1.7 ಎಂದು ಮಿಲಿಮೀಟರ್ ಲೆಕ್ಕದ ರಂಧ್ರಗಳು. ಇಲ್ಲಿ ಅಳೆಯುವುದು ಒಳಬರುವ ಅನಿಲವನ್ನು, ಹಾಗಾಗಿ ಚಿಕ್ಕದರಿಂದ ಹೊರಟು ರೈಫಲ್ ನಡೆಯುವ ಕಡೆ ನಿಲ್ಲಬೇಕು. ಹಳೆಯ ತೋಟಾಗಳ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಭಾಗ) ಉಪ್ಪು ಬಿಡುವುದರಿಂದ ಈ ರೆಗ್ಯುಲೇಟರ್ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ಹೊಡೆದ ದಿನವೇ ನೀರಿನಿಂದ ತೊಳೆದು ಒಣಗಿಸಬೇಕು, ಬರಿಯ ಎಣ್ಣೆಗೆ ಉಪ್ಪು ಕರಗುವುದಿಲ್ಲ.

ಅಮೆರಿಕದ್ದೇ ಆದ ಎಂ1 ಗ್ಯಾರಂಡ್‌ನಲ್ಲಿ, 1936ರಲ್ಲಿ ಸೈನ್ಯ ಒಪ್ಪಿದ ರೈಫಲ್ ಅದು, ರೆಗ್ಯುಲೇಟರೇ ಇಲ್ಲ. ಅಲ್ಲಿ ತೋಟಾವನ್ನೇ ರೈಫಲ್‌ಗೆ ಹೊಂದಿಸಿದ್ದಾರೆ: 150 ಗ್ರೇನ್ ಆಸುಪಾಸಿನ ತೂಕದ ಗುಂಡು, ಅದಕ್ಕೆ ತಕ್ಕ ವೇಗದಲ್ಲಿ ಉರಿಯುವ ಮದ್ದು. ಬೇಟೆಗೆಂದು ಮಾರುವ 180 ಗ್ರೇನ್ ತೋಟಾದಲ್ಲಿ ಮದ್ದು ನಿಧಾನ ಉರಿದು, ಬ್ಯಾರೆಲ್ ತುದಿಯ ಹತ್ತಿರವಿರುವ ರಂಧ್ರದಲ್ಲಿ ಒತ್ತಡ ಹೆಚ್ಚುತ್ತದೆ. ಆಗ ಬೋಲ್ಟನ್ನು ಹಿಂದಕ್ಕೊಯ್ಯುವ ಉದ್ದನೆಯ ಆಪರೇಟಿಂಗ್ ರಾಡ್ ಬಾಗುತ್ತದೆ. ಅದಕ್ಕಾಗಿ ಹೊಂದಿಸಬಹುದಾದ ಗ್ಯಾಸ್ ಪ್ಲಗ್ ಮಾರುತ್ತಾರೆ, ಕ್ರಮ ಎಸ್‌ಎಲ್‌ಆರ್‌ನದೇ: ಹೆಚ್ಚು ಹೊರಬಿಡುವ ಸ್ಥಿತಿಯಿಂದ ಶುರು, ನಡೆಯುವವರೆಗೆ ಸ್ವಲ್ಪ ಸ್ವಲ್ಪವೇ ಮುಚ್ಚುವುದು. ಒಂದು ಎಚ್ಚರಿಕೆ, ಗ್ಯಾರಂಡ್‌ನ ಚೇಂಬರ್‌ಗೆ ಕೈಯಿಂದ ತೋಟಾ ಇಟ್ಟು ಬೋಲ್ಟನ್ನು ರಭಸದಿಂದ ಬಿಡಬೇಡಿ. ಅದರ ಫೈರಿಂಗ್ ಪಿನ್ ಸಡಿಲ, ಬಡಿತಕ್ಕೇ ಗುಂಡು ಹಾರಬಹುದು. ಕ್ಲಿಪ್ಪಿನಿಂದಲೇ ತುಂಬಿ.

ಇಲ್ಲಿನವರಿಂದ ನಮ್ಮವರು ಕಲಿಯಬೇಕಾದ್ದು ಟಿಪ್ಪಣಿ ಪುಸ್ತಕ. ಊರಿನಲ್ಲಿ ನಾಗರಿಕರಿಗೆ 7.62 ನಿಷೇಧಿತ ಬೋರ್ (ನಳಿಗೆಯ ಅಳತೆ). .303 ಕೂಡ ಹಾಗೆಯೇ, ಆದ್ದರಿಂದಲೇ ಲೈಸೆನ್ಸ್‌ಗೆ .315 ಸಿಗುವುದು. ಹಾಗಾಗಿ ಈ ಜ್ಞಾನ ಕೋತ್‌ಗಳಲ್ಲೇ ಉಳಿದು, ಆರ್ಮರರ್ ನಿವೃತ್ತರಾದಾಗ ಅವರ ಜೊತೆಗೇ ಹೋಗುತ್ತದೆ. ಇಲ್ಲಿ ಶಿಸ್ತಿನ ಹವ್ಯಾಸಿಗಳು ಪ್ರತಿ ರೈಫಲ್‌ಗೂ ಒಂದು ಹಾಳೆ ಇಡುತ್ತಾರೆ: ತಾರೀಕು, ಹವೆಯ ಉಷ್ಣಾಂಶ, ತೋಟಾದ ತಯಾರಕರು ಮತ್ತು ಲಾಟ್ ಸಂಖ್ಯೆ, ಪೂರ್ತಿ ತೆರೆದಲ್ಲಿಂದ ಎಷ್ಟನೇ ಕ್ಲಿಕ್‌ಗೆ ಬೋಲ್ಟ್ ನಿಂತಿತು, ಕೊನೆಗೆ ಎಲ್ಲಿ ಬಿಟ್ಟರು. ಲಾಟ್ ಬದಲಾದ ದಿನ ಹೊಸ ಸಾಲು. ಹಿಂದೆ ಆರನೇ ಕ್ಲಿಕ್‌ಗೆ ನಿಲ್ಲುತ್ತಿದ್ದದ್ದು ಅದೇ ತೋಟಾಕ್ಕೆ ಒಂಬತ್ತಕ್ಕೆ ಹೋದರೆ ಗ್ಯಾಸ್ ಟ್ಯೂಬ್ ಸಡಿಲವಾಗುತ್ತಿದೆ ಅಥವಾ ರಂಧ್ರದಲ್ಲಿ ಇಂಗಾಲ ಕಟ್ಟುತ್ತಿದೆ ಎಂದು ಹಾಳೆಯಿಂದಲೇ ತಿಳಿಯುತ್ತದೆ. ಮ್ಯಾಗಜಿನ್‌ಗಳಿಗೂ ಸಂಖ್ಯೆ ಬರೆದಿಟ್ಟರೆ, ತಪ್ಪು ಒಂದೇ ಮ್ಯಾಗಜಿನ್‌ನದೋ ರೈಫಲ್‌ನದೋ ಎಂದು ಬೇರೆ ಮಾಡಲು ಇನ್ನೊಂದು ಪೆಟ್ಟಿಗೆ ತೋಟಾ ಸುಡಬೇಕಾಗುವುದಿಲ್ಲ.